ಹೌಸಿಂಗಿನೊಳಗೆ ಎರಡು ಚುಕ್ಕಿ

ಹೊಗೆ!

ಕಟ್ಟಿಗೆಯದಲ್ಲ, ಡೀಸೆಲ್‌ನದೂ ಅಲ್ಲ. ಮೆಣಸಿನಕಾಯಿಯ ಹೊಗೆ. ಒಗ್ಗರಣೆಯಲ್ಲಿ ನಾಲ್ಕು ಕಾಯಿ ಕರಕಲಾದರೆ ಮನೆಮಂದಿಯೆಲ್ಲ ಸೀನುತ್ತ ಓಣಿಗೆ ಓಡುತ್ತಾರೆ. ಇಲ್ಲಿ ಹೊಗೆಯಾಡುತ್ತಿದ್ದದ್ದು ಚೀಲಗಟ್ಟಲೆ!

ಬ್ಯಾಡಗಿ ಮಾರ್ಕೆಟ್ ಯಾರ್ಡಿನ ನಡುವೆ ಕೆಂಪು ಎಂ.ಜಿ. ಕಾರು ಬಲಮಗ್ಗುಲಾಗಿ ಬಿದ್ದಿತ್ತು. ಸಿನಿಮಾ ಶೂಟಿಂಗಿನವರು ಕ್ಯಾಮೆರಾ ಹೊತ್ತುಕೊಂಡು ಗೇಟಿನ ಕಡೆ ಓಡುತ್ತಿದ್ದರು. ಹೀರೊ ಎಲ್ಲರಿಗಿಂತ ಮುಂದೆ!

ನಾನು ಒಳಕ್ಕೆ ಹೋದೆ.

ಮೂಗು ಬಾಯಿಗೆ ಒದ್ದೆ ಓಢಣಿ. ಎಡಗೈಯಲ್ಲಿ ಜಾಕು. ಎದೆ ನೆಲಕ್ಕೆ ಹತ್ತುವಷ್ಟು ಬಾಗಿ, ಕಣ್ಣು ಅರ್ಧ ಮುಚ್ಚಿ...

“ಚಮನಬಿ! ಕಾಲು... ನನ್ನ ಕಾಲು ಸಿಕ್ಕೊಂಡೈತಿ!”

ಪ್ರಭುಲಿಂಗಪ್ಪ. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರ. ನಿನ್ನೆಯವರೆಗೆ ಕತ್ತು ಬಗ್ಗಿಸಿ ಯಾರನ್ನೂ ನೋಡದವನು. ಈಗ ಸ್ಟೇರಿಂಗಿಗೂ ಡೋರಿಗೂ ನಡುವೆ ಸಿಕ್ಕು, ಇಕ್ಕಳಕ್ಕೆ ಸಿಕ್ಕ ಹುಳುವಿನಂತೆ ಒದ್ದಾಡುತ್ತಿದ್ದ.

“ಬಂದೇನ್ರಿ ಸಾವ್ಕಾರ್ರ.”

“ಲಗೂ ತಗೀ! ಬೆಂಕಿ ಹತ್ತಾಕತ್ತೈತಿ!”

“ತಗೀತೇನಿ. ಜಾಕ್ ತಂದೇನಿ. ಮೊದಲ ಒಂದ ಮಾತು ಹೇಳ್ರಿ...”

“ಈಗೇನ ಮಾತಲೇ!”

“ಈಗ ಬೇಕ್ರಿ ಆ ಮಾತು.”

ಜಾಕನ್ನು ಅವನ ಕಣ್ಣಿಗೆ ಕಾಣುವ ಹಾಗೆ, ಕೈಗೆ ಸಿಗದ ಹಾಗೆ ಇಟ್ಟೆ.

ನಿಲ್ಲಿ. ಇಲ್ಲಿಂದಲೇ ಹೇಳುತ್ತ ಹೋದರೆ ನನ್ನನ್ನೇ ರಾಕ್ಷಸಿ ಅಂದುಕೊಳ್ಳುತ್ತೀರಿ. ಮೂರು ವಾರ ಹಿಂದಕ್ಕೆ ಬನ್ನಿ.

*

ರಾಣೇಬೆನ್ನೂರಿನ ಪಿ.ಬಿ. ರೋಡಿನಲ್ಲಿ ‘ಶಮಶೇರಸಾಬ ಮಿಸ್ತ್ರಿ ಗ್ಯಾರೇಜ್’ ಅಂದರೆ ದಾವಣಗೆರೆಯಿಂದ ಹುಬ್ಬಳ್ಳಿಯವರೆಗೆ ಡ್ರೈವರುಗಳಿಗೆ ಗೊತ್ತು. ಶಮಶೇರಸಾಬ ನನ್ನ ಅಪ್ಪ. ಅಪ್ಪನ ನಂತರ ಅಣ್ಣ ಜಹಾಂಗೀರ. ಅಣ್ಣನ ನಂತರ ನಾನು. ಹೆಣ್ಣು ಸ್ಪ್ಯಾನರ್ ಹಿಡಿದಳು ಅಂತ ಊರು ಒಂದು ತಿಂಗಳು ನಕ್ಕಿತು. ಎರಡನೇ ತಿಂಗಳು ಗಾಡಿ ತಂದು ನಿಲ್ಲಿಸಿತು. ಈಗ ಗಾಡಿ ಕಳುವಾದರೂ ನನ್ನ ಹತ್ತಿರವೇ ಬರುತ್ತಾರೆ. ಬಣ್ಣ ಬದಲಿಸಬಹುದು, ನಂಬರ್ ಬದಲಿಸಬಹುದು... ಎಂಜಿನ್ನಿನ ಸದ್ದು ಬದಲಿಸುವ ಕಳ್ಳ ಇನ್ನೂ ಹುಟ್ಟಿಲ್ಲ!

ಆದರೆ ಒಂದು ಕೇಸು ಮಾತ್ರ ನನ್ನಿಂದ ಬಗೆಹರಿದಿರಲಿಲ್ಲ. ನನ್ನ ಮನೆಯದೇ.

ತೊಂಬತ್ಮೂರರ ಫೆಬ್ರವರಿ ಹದಿನೆಂಟು. ಅಣ್ಣ ಬೆಳಿಗ್ಗೆ ಬೈಕ್ ಹತ್ತಿದ. “ಬ್ಯಾಡಗ್ಯಾಗ ಒಂದ ಖಾಸಗಿ ಕೆಲಸ ಐತಿ, ಸಂಜಿಗೆ ಬರ್ತೇನಿ,” ಅಂದ. ಸಂಜೆ ಮೋಟೆಬೆನ್ನೂರಿನ ತಿರುವಿನಲ್ಲಿ, ಸಣ್ಣ ಸೇತುವೆಯ ಕೆಳಗೆ ಸಿಕ್ಕ. ಪಕ್ಕದಲ್ಲಿ ಬೈಕು. ‘ಬೈಕು ಜಾರಿ ಬಿದ್ದು ಮರಣ’ ಅಂತ ಪಂಚನಾಮೆ ಆಯಿತು.

ನಾನು ಬೈಕು ನೋಡಿದೆ. ಕ್ಲಚ್ ಲಿವರ್ ಬಾಗಿರಲಿಲ್ಲ. ಕನ್ನಡಿ ಒಡೆದಿರಲಿಲ್ಲ. ಮನುಷ್ಯನ ಪಕ್ಕೆಲುಬು ಮುರಿಯುವಷ್ಟು ಜೋರಾಗಿ ಬಿದ್ದ ಬೈಕು, ಮಲಗಿಸಿದ ಕೂಸಿನಂತೆ ಇತ್ತು!

ಯಾರಿಗೆ ಹೇಳಲಿ? ಹದಿಮೂರು ತಿಂಗಳು ಆ ಬೈಕನ್ನು ಗ್ಯಾರೇಜಿನ ಮೂಲೆಯಲ್ಲಿ ಇಟ್ಟುಕೊಂಡು, ದಿನಾ ಅದರ ಮುಖ ನೋಡಿ ಹಲ್ಲು ಕಚ್ಚಿದೆ.

*

ರಮಜಾನ ಹಬ್ಬ ಮುಗಿದ ವಾರದಲ್ಲಿ ಪ್ರಭುಲಿಂಗಪ್ಪ ಬಂದ. ಲಾರಿಯ ಮೇಲೆ ಒಂದು ಕಾರು ಹೇರಿಕೊಂಡು.

ಎಂ.ಜಿ.! ವಿಲಾಯತಿ ಗಾಡಿ. ಅರವತ್ತೊಂಬತ್ತರದು. ಎರಡೇ ಸೀಟು, ಎರಡು ಕಾರ್ಬೊರೇಟರ್, ಮೇಲೆ ಟಾಪ್ ಇಲ್ಲ. ಮೂತಿ ಉದ್ದ, ಬೆನ್ನು ಗಿಡ್ಡ. ಎಂಜಿನ್ ಮುಂದೆ, ದೂಡುವುದು ಹಿಂದಿನ ಗಾಲಿ. ಕೆಂಪು ಬಣ್ಣ ಹೊಸದು.

“ಹೆಣ್ಣಮಗಳ ಮಿಸ್ತ್ರಿ ಏನ?” ಅಂದ.

“ಕೈ ನೋಡ್ರಿ ಸಾವ್ಕಾರ್ರ. ಮಾರಿ ನೋಡಬ್ಯಾಡ್ರಿ.”

ನಕ್ಕ. ಬಂಗಾರದ ಹಲ್ಲು ಒಂದು.

“ಯುಗಾದಿ ಅಮಾಸಿ ದಿನ ನಮ್ಮ ಯಾರ್ಡಿನ್ಯಾಗ ಪಿಚ್ಚರ್ ಶೂಟಿಂಗ್ ಐತಿ. ನೆಲದ ತುಂಬ ಮೆಣಸಿನಕಾಯಿ ಹರವಿ, ಅದರ ಮ್ಯಾಲೆ ಗಾಡಿ ಸುತ್ತು ಹೊಡೀಬೇಕು. ಹೀರೊಗ ಬರೂದಿಲ್ಲ. ಅವನ ಬದಲಿ ನಾ ಹೊಡ್ಯಾಂವ!”

“ಹೆಂಗ ಹೊಡೀಬೇಕ್ರಿ?”

“ಮಾರಿ ಒಂದ ಕಡೆ, ಹೋಗೂದ ಒಂದ ಕಡೆ. ಅಡ್ಡಡ್ಡ! ಫಾರಿನ್ ಪುಸ್ತಕದಾಗ ಡ್ರಿಫ್ಟ್ ಅಂತಾರ. ಹುಬ್ಬಳ್ಳಿ ಮಿಸ್ತ್ರಿಗೋಳು ಒಲ್ಲೆ ಅಂದ್ರು.”

“ಗಾಡಿ ಯಾವಾಗ ತಂದ್ರಿ?”

“ಹ್ವಾದ ದಸರಾಕ್ಕ. ಬೊಂಬಾಯಿಂದ.” ಆಮೇಲೆ ಗೋಡೆಯ ಮೇಲಿನ ಅಣ್ಣನ ಫೋಟೊ ನೋಡಿ, “ಪಾಪ, ಭಾಳ ಚಲೋ ಹುಡುಗ ಇದ್ದ,” ಅಂದ.

ಕೇಳದೆ ಇದ್ದಾಗ ಬರುವ ಪಾಪ... ನನಗೆ ಅದರ ವಾಸನೆ ಹಿಡಿಸುವುದಿಲ್ಲ.

*

ನಮ್ಮ ಗ್ಯಾರೇಜಿನ ವೆಲ್ಡರ್ ಮಲಂಗಸಾಬ ಚಾಚಾ. ಅಪ್ಪನ ಕಾಲದವರು. ಕಾರಿನ ಸುತ್ತ ಎರಡು ಸುತ್ತು ಬಂದರು.

“ಅರೇ ಬೇಟಿ, ನೆಟ್ಟಗ ಹೋಗ್ಲಿ ಅಂತ ಅಲ್ಲಾ ಗಾಲಿ ಕೊಟ್ಟಾನ. ಇಂವ ಅಡ್ಡ ಹೋಗಸು ಅಂತಾನ! ಅಡ್ಡ ಹೋಗೂ ಗಾಡಿ ರಿಪೇರಿ ಮಾಡಿ ಮಾಡಿ ನನ್ನ ನಡು ಬಗ್ಗೇತಿ.”

“ಕೆಡಸೂದಕ್ಕೂ ಒಂದ ಕ್ರಮ ಐತಿ ಚಾಚಾ.”

ಇತ್ತು. ಅಣ್ಣ ಕಲಿಸಿದ್ದ. ಇಂಗ್ಲಿಷ್ ಮೋಟರ್ ಪುಸ್ತಕಗಳ ಚಿತ್ರ ನೋಡಿ, ಹಳೆಯ ಫಿಯೆಟ್ ಒಂದನ್ನು ಹತ್ತಿ ಕೊಯ್ದ ಹೊಲದಲ್ಲಿ ಜಾರಿಸಿ ಜಾರಿಸಿ, ಇಬ್ಬರೂ ಕಲಿತದ್ದು.

ಮೊದಲು ಭಾರ ಇಳಿಸಿದೆ. ಬಂಪರ್, ಸ್ಟೆಪ್ನಿ, ಟಾಪಿನ ಕಂಬಿ, ಎಲ್ಲ ಬಿಚ್ಚಿ ಮೂಲೆಗೆ. ಹಿಂದಿನ ಕಮಾನಿಗೆ, ಅಂದರೆ ಸ್ಪ್ರಿಂಗ್ ಪಟ್ಟಿಗಳಿಗೆ, ಜೀಪಿನ ಒಂದು ಪಟ್ಟಿ ಕತ್ತರಿಸಿ ಸೇರಿಸಿದೆ. ಬೆನ್ನು ಬಿಗಿಯಾಯಿತು. ಹಿಂದೆ ಬೋಳು ಟಯರು, ಗಾಳಿ ನಲವತ್ತು. ಮುಂದೆ ಹೊಸ ಟಯರು, ಗಾಳಿ ಇಪ್ಪತ್ತನಾಲ್ಕು. ಮುಂದಿನದು ನೆಲ ಕಚ್ಚಬೇಕು, ಹಿಂದಿನದು ಬಿಡಬೇಕು. ಸ್ಟೇರಿಂಗ್ ರ್ಯಾಕಿನ ತಡೆ ತೆಗೆದು ಗಾಲಿ ಇನ್ನೊಂದಿಷ್ಟು ತಿರುಗುವ ಹಾಗೆ ಮಾಡಿದೆ. ಹ್ಯಾಂಡ್‌ಬ್ರೇಕಿನ ಹಲ್ಲು ಉಜ್ಜಿ ತೆಗೆದೆ. ಎಳೆದರೆ ಹಿಡಿಯಬೇಕು, ಬಿಟ್ಟರೆ ತಟ್ಟನೆ ಬಿಡಬೇಕು, ಸಿಕ್ಕಿಕೊಳ್ಳಬಾರದು.

ಕೊನೆಗೆ ಗಾಡಿಯ ಹೊಟ್ಟೆ. ಡಿಫರೆನ್ಷಿಯಲ್.

ತಿರುವಿನಲ್ಲಿ ಒಳಗಿನ ಗಾಲಿ ನಿಧಾನ, ಹೊರಗಿನದು ಜೋರು. ಆ ಎರಡಕ್ಕೂ ರಾಜಿ ಮಾಡಿಸುವುದು ಡಿಫರೆನ್ಷಿಯಲ್. ಅದರೊಳಗಿನ ಹಲ್ಲಿನ ಚಕ್ರಗಳಿಗೆ ವೆಲ್ಡಿಂಗ್ ಹೊಡೆದುಬಿಟ್ಟರೆ ರಾಜಿ ಖತಂ! ಎರಡೂ ಗಾಲಿ ಒಂದೇ ವೇಗ. ಒಂದು ಜಾರಿತೆಂದರೆ ಇನ್ನೊಂದೂ ಜಾರಲೇಬೇಕು. ಡ್ರಿಫ್ಟಿನ ಜೀವ ಅದು.

ಕಾರಿನ ಕೆಳಗೆ ಮಲಗಿ ಡಿಫರೆನ್ಷಿಯಲ್ ಗೂಡಿನ, ಅಂದರೆ ಹೌಸಿಂಗಿನ, ಮುಚ್ಚಳದ ಬೋಲ್ಟ್ ಬಿಚ್ಚಿದೆ. ಕಪ್ಪು ಎಣ್ಣೆ ಬೋಗುಣಿಗೆ ಸುರಿಯಿತು. ಮುಚ್ಚಳ ತಿರುಗಿಸಿ, ಬಟ್ಟೆಯಿಂದ ಒಳಬದಿ ಒರೆಸಿದೆ.

ಎರಡು ಚುಕ್ಕಿ.

ಅದರ ಕೆಳಗೆ 18 2 93.

ಚಿಕ್ಕವಳಿದ್ದಾಗ ದಾದಿಮಾ ಕತೆ ಹೇಳುತ್ತಿದ್ದಳು. ರಾಕ್ಷಸನಿಗೆ ಎಷ್ಟು ಕಡಿದರೂ ಸಾವಿಲ್ಲ, ಯಾಕೆಂದರೆ ಅವನ ಜೀವ ಏಳು ಸಮುದ್ರದಾಚೆಯ ಗಿಳಿಯ ಹೊಟ್ಟೆಯಲ್ಲಿದೆ. ನಾನು ಕೇಳುತ್ತಿದ್ದೆ, ಆ ಗಿಳಿ ಕೈಗೆ ಸಿಕ್ಕಾಗ ರಾಜಕುಮಾರನಿಗೆ ಏನನ್ನಿಸಿತು ಅಂತ. ದಾದಿಮಾ ಹೇಳಿರಲಿಲ್ಲ. ಈಗ ಗೊತ್ತಾಯಿತು. ಕೈ ತಣ್ಣಗಾಗುತ್ತದೆ. ಅಷ್ಟೇ.

ನಮ್ಮ ಅಪ್ಪನ ಪದ್ಧತಿ ಅದು. ಯಾವ ಭಾಗ ಬಿಚ್ಚಿದರೂ, ಯಾರ ಕಣ್ಣಿಗೂ ಬೀಳದ ಒಳಬದಿಯಲ್ಲಿ ಪಂಚು ಹೊಡೆಯಬೇಕು. ತಾರೀಖು, ಅದರ ಮೇಲೆ ಚುಕ್ಕಿ. ಅಪ್ಪನದು ಒಂದು ಚುಕ್ಕಿ. ಅಣ್ಣನದು ಎರಡು. ನನ್ನದು ಮೂರು. ನಾಳೆ ಗಾಡಿ ತಿರುಗಿ ಬಂದರೆ ತಪ್ಪು ಯಾರದು ಅಂತ ಗೊತ್ತಾಗಬೇಕು. ಗಿರಾಕಿಗೆ ಇದು ಹೇಳುವುದಿಲ್ಲ.

ಪ್ರಭುಲಿಂಗಪ್ಪನಿಗೂ ಯಾರೂ ಹೇಳಿರಲಿಲ್ಲ!

ಡೋರಿನ ಅಂಚನ್ನು ಉಗುರಿನಿಂದ ಕೆರೆದೆ. ಕೆಂಪಿನ ಕೆಳಗೆ ಬಿಳಿ. ಎಡಗಡೆಯ ಸೀಟು ಹೊಸದು. ಒಳಗಿನ ಚಕ್ರಗಳೂ ಹೊಸವು; ಅಣ್ಣ ವೆಲ್ಡ್ ಮಾಡಿದ್ದವನ್ನು ಪ್ರಭುಲಿಂಗಪ್ಪ ತೆಗೆಸಿ ಬೇರೆ ಹಾಕಿಸಿದ್ದ. ಬಣ್ಣ, ಸೀಟು, ಚಕ್ರ, ಎಲ್ಲ ಬದಲಿಸಿದವನು ಅಂಗೈ ಅಗಲದ ಹಳೆಯ ಮುಚ್ಚಳವನ್ನೇ ತಿರುಗಿ ಕೂಡಿಸಿದ್ದ.

ಚಾಚಾ ಬಗ್ಗಿ ನೋಡಿದರು.

“ಬ್ರೇಕ್ ಪೈಪ್ ಸಣ್ಣಗ ಕೊರದ ಬಿಡ್ಲೇನ ಬೇಟಿ?”

“ಬ್ಯಾಡ.”

“ಯಾಕ?”

“ಗಾಡಿ ಕೆಡಿಸಿ ಕೊಡೂದು ನಮ್ಮ ಮನ್ಯಾಗಿಲ್ಲ. ಮತ್ತ... ಸತ್ತಾಂವ ಮಾತಾಡೂದಿಲ್ಲ ಚಾಚಾ. ನನಗ ಇಂವ ಮಾತಾಡಬೇಕು.”

ಮುಚ್ಚಳ ಚೀಲದಲ್ಲಿಟ್ಟೆ. ಚಕ್ರಗಳಿಗೆ ಚಾಚಾ ಕೈಯಿಂದ ವೆಲ್ಡಿಂಗ್ ಹೊಡೆಸಿ, ಗಾಡಿಗೆ ಬೇರೆ ಮುಚ್ಚಳ ಮಾಡಿ ಕೂಡಿಸಿದೆ. ಅದರ ಒಳಗೆ ಮೂರು ಚುಕ್ಕಿ ಹೊಡೆದೆ.

*

ಟ್ರಯಲ್ ನೆಪದಲ್ಲಿ ಎಂ.ಜಿ. ಓಡಿಸಿಕೊಂಡು ಬ್ಯಾಡಗಿಗೆ ಹೋದೆ. ಪ್ರಭುಲಿಂಗಪ್ಪನ ಗೋಡೌನಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರು ಸಾಲಾಗಿ ಕೂತಿದ್ದರು. ಅವರಲ್ಲಿ ಗದಿಗೆವ್ವ ಅಂತ ಒಬ್ಬಳು. ಮೋಟೆಬೆನ್ನೂರಿನವಳು. ದಿನಾ ಆ ತಿರುವಿನಲ್ಲೇ ನಡೆದು ಬರುವವಳು.

ಅವಳ ಅಂಗೈ ಮಿಂಚುತ್ತಿತ್ತು. ಎಣ್ಣೆ!

“ಇದೇನ ದೊಡ್ಡವ್ವ?”

“ಹತ್ತಿಕಾಳ ಎಣ್ಣಿ. ಬಣ್ಣಗೆಟ್ಟ ಕಾಯಿಗೆ ಸವರಿದ್ರ ಮದಿಮಗಳಂಗ ಹೊಳೀತೈತಿ. ಈ ಮನ್ಯಾಗ ಅಪ್ಪನ ಕಾಲದಿಂದ್ಲೂ ಹಿಂಗ. ಎಣ್ಣಿ ಕೈ ಆಡಿಸದ ಒಂದ ಕಾಯಿ ಹೊರಗ ಬಿಡೂದಿಲ್ಲ.”

ನನ್ನ ಓಢಣಿ ಸರಿಸಿ ಮುಖ ತೋರಿಸಿದೆ. “ನಾ ಜಹಾಂಗೀರನ ತಂಗಿ.”

ಅವಳ ಕೈ ನಿಂತಿತು.

“ನಾ ಏನೂ ನೋಡಿಲ್ಲ ಯವ್ವಾ.”

“ನಾ ಇನ್ನೂ ಏನೂ ಕೇಳಿಲ್ಲ.”

ಗದಿಗೆವ್ವ ಸುತ್ತ ನೋಡಿದಳು. ಸೆರಗು ಬಾಯಿಗೆ ಅಡ್ಡ ಹಿಡಿದಳು.

“ಬಿಳಿ ಗಾಡಿ ಇತ್ತು. ನಿಮ್ಮಣ್ಣ ಸೇತುವಿ ಬಾಜೂಕ ಬಿದ್ದಿದ್ದ. ಕೈ ಎತ್ತಿದ... ನಾ ಹೋಗಾಕ ಹೊಂಟೆ. ಸಾವ್ಕಾರ ಬೈದ. ‘ಕುಡದ ಬಿದ್ದಾನ, ನೀ ನಡಿ’ ಅಂದ. ನಾ... ನಡದೆ.”

ಕೈ ಎತ್ತಿದ್ದ!

ಅಂದರೆ ಬದುಕಿದ್ದ!

ಇಷ್ಟು ದಿನ ನಾನು ಅಂದುಕೊಂಡದ್ದು ಒಂದು ಪೆಟ್ಟು, ಒಂದು ಕ್ಷಣ. ಈಗ ಆ ಕ್ಷಣ ಉದ್ದವಾಗತೊಡಗಿತು...

“ಪೊಲೀಸ್ರಿಗೆ ಹೇಳ್ತೀಯೇನ ದೊಡ್ಡವ್ವ?”

“ಇವನ ಕೂಳ ತಿಂತೇನಿ ಯವ್ವಾ. ಹೆಂಗ ಹೇಳ್ಲಿ?”

ಹೊರಗೆ ಬಂದೆ. ಗಾಡಿ ಚಾಲೂ ಮಾಡಿದೆ. ಕನ್ನಡಿಯಲ್ಲಿ ಒಂದು ಜೀಪು ಕಂಡಿತು.

ಪ್ರಭುಲಿಂಗಪ್ಪನದು. ಅವನೇ ಡ್ರೈವರ್!

ನಾನು ನಲವತ್ತು, ಅವನು ನಲವತ್ತು. ನಾನು ಎಂಬತ್ತು, ಅವನೂ ಎಂಬತ್ತು. ಊರು ದಾಟಿತು. ಹಾರ್ನ್ ಹೊಡೆದ. ಕೈ ಬೀಸಿದ. ನಿಲ್ಲು ಅಂತ. ನಿಂತರೆ ಚೀಲ ನೋಡುತ್ತಾನೆ. ಚೀಲದಲ್ಲಿ ಮುಚ್ಚಳ!

ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ಎಡಕ್ಕೆ ತಪ್ಪಿಸಿದೆ. ಜೀಪು ಬಲಕ್ಕೆ ನುಗ್ಗಿ ನನ್ನ ಸಮಕ್ಕೆ ಬಂತು. ಜೀಪಿನ ಗಾಲಿ ನನ್ನ ಕಿವಿಯ ಹತ್ತಿರ!

“ನಿಲ್ಲಸ್ತಿಯೋ ಇಲ್ಲೋ!”

ಮೋಟೆಬೆನ್ನೂರಿನ ತಿರುವು. ಆ ಸೇತುವೆ. ಅದರ ಅಂಚಿನ ಕಲ್ಲು.

ಜೀಪು ನನ್ನನ್ನು ಕಲ್ಲಿನ ಕಡೆಗೆ ಒತ್ತತೊಡಗಿತು...

ಕ್ಲಚ್ ಒತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಎಂ.ಜಿ.ಯ ಬೆನ್ನು ಬಿಟ್ಟಿತು! ಬೋಳು ಟಯರು ಚೀರಿತು. ಸ್ಟೇರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಆ್ಯಕ್ಸಿಲರೇಟರ್ ತುಳಿದೆ. ಗಾಡಿ ಅಡ್ಡಡ್ಡವಾಗಿ, ರಸ್ತೆಯ ಅಗಲವನ್ನೆಲ್ಲ ಒರೆಸುತ್ತ, ಜೀಪಿನ ಬೆನ್ನಹಿಂದಿನಿಂದ ಹರಿದು ಸೇತುವೆಯ ಆಚೆ ನಿಂತಿತು. ಒತ್ತಲು ಏನೂ ಇಲ್ಲದೆ ಜೀಪು ತನ್ನ ಒತ್ತಿಗೆ ತಾನೇ ಹೋಗಿ ಜಾಲಿಕಂಟಿಯೊಳಗೆ ನುಗ್ಗಿತು. ಫಟ್! ಆ್ಯಕ್ಸಲ್ ಮುರಿದ ಸದ್ದು. ನನಗೆ ಹೇಳಿಕೊಡಬೇಕಾಗಿಲ್ಲ.

ಪ್ರಭುಲಿಂಗಪ್ಪ ಮುಳ್ಳು ಬಿಡಿಸಿಕೊಳ್ಳುತ್ತ ಹೊರಬಂದ.

“ಗದಿಗೆವ್ವನ ಕೂಡ ಏನ ಮಾತಾಡಿದಿ?”

“ಖಾರಪುಡಿಗೆ ಚಲೋ ಕಾಯಿ ಯಾವ್ದು ಅಂತ ಕೇಳಿದ್ನಿ.”

“ನಿಮ್ಮಣ್ಣಗೂ ಭಾಳ ಕೇಳೂ ಚಟ ಇತ್ತು. ಇದ ತಿರುವಿನ್ಯಾಗ ಬಿದ್ದ. ನೆನಪ ಐತಿಲ್ಲೋ?”

“ಐತ್ರಿ.” ನಕ್ಕೆ. ಆ ನಗುವಿಗೆ ಎಷ್ಟು ಕಸುವು ಬೇಕಾಯಿತೋ ನನಗೇ ಗೊತ್ತು. “ಗಾಡಿ ನೋಡಿದ್ರಿಲ್ಲೋ ಸಾವ್ಕಾರ್ರ? ಹೆಂಗ ಜಾರತೈತಿ!”

ಅವನ ಕಣ್ಣು ರಸ್ತೆಯ ಮೇಲಿನ ಕಪ್ಪು ಗೆರೆಗಳ ಮೇಲೆ ಹೋಯಿತು. ಎರಡು ಗೆರೆ, ಉದ್ದಕ್ಕೆ, ಬಾಗಿ, ಅಚ್ಚುಕಟ್ಟಾಗಿ. ಸಿಟ್ಟು ಇಳಿಯಿತು. ಆಸೆ ಏರಿತು. ಅಷ್ಟೇ ಸಾಕು ಕೆಲವರಿಗೆ.

“ಹಂಗ... ನನಗ ಹೊಡ್ಯಾಕ ಬರತೈತೇನ?”

“ಕಲಸ್ತೇನ್ರಿ.”

“ಲಗೂ ಕಲಸ. ಜೀಪ್ ನಿನ್ನ ಗ್ಯಾರೇಜಿಗೆ ಒಯ್ಯಿ.”

*

ಹವಾಲ್ದಾರ ಜಟ್ಟೆಪ್ಪ ಅಣ್ಣನ ಪಂಚನಾಮೆ ಬರೆದವರು. ಅವರ ಮನೆಯ ಕಟ್ಟೆಯ ಮೇಲೆ ಮುಚ್ಚಳ ಇಟ್ಟೆ. ಚುಕ್ಕಿಯ ಲೆಕ್ಕ ಹೇಳಿದೆ. ಕನ್ನಡಕ ತೆಗೆದರು, ಹಾಕಿದರು, ತೆಗೆದರು.

“ದಸರಾಕ್ಕ ಬಂದ ಗಾಡ್ಯಾಗ ಫೆಬ್ರವರಿ ತಾರೀಖು... ಖರೇ ಐತಿ ತಂಗಿ. ಆದ್ರ ಕೋರ್ಟಿನ್ಯಾಗ ಈ ಚುಕ್ಕಿ ನಿನ್ನ ಕೈಲೆ ನೀನ ಹೊಡದೀದಿ ಅಂತಾರ. ಚುಕ್ಕಿ ಬಾಯಿ ಬಿಡೂದಿಲ್ಲ. ಮನಷಾ ಬಿಡಬೇಕು.”

“ಬಿಡಸ್ತೇನ್ರಿ. ಶೂಟಿಂಗ್ ದಿನ ಬಂದೋಬಸ್ತಿಗೆ ನೀವ ಬರ್ರಿ. ಒಂದ ಒದ್ದಿ ಟವೆಲ್ ಇರ್ಲಿ, ಕಾಯಿ ಧೂಳ ಏಳತೈತಿ.”

“ಏನ ಮಾಡಾಕಿ ನೀ?”

“ಏನೂ ಮಾಡೂದಿಲ್ಲ. ಅದರಾಗ ಮಜಾ ಐತಿ.”

ಎಂಟು ದಿನ ಪ್ರಭುಲಿಂಗಪ್ಪನಿಗೆ ಕಲಿಸಿದೆ. ಖಾಲಿ ಯಾರ್ಡಿನಲ್ಲಿ, ಒಣ ನೆಲದ ಮೇಲೆ. ಕೈ ಚುರುಕಿತ್ತು, ಸುಳ್ಳು ಹೇಳುವುದಿಲ್ಲ. ತಗಡಿನ ಹೊಸ ಸೀಟು ಕೂಡಿಸಿ, ಟ್ರ್ಯಾಕ್ಟರಿನ ದಪ್ಪ ಬೆಲ್ಟಿನಿಂದ ಅವನನ್ನು ಎದೆಗೂ ಸೊಂಟಕ್ಕೂ ಬಿಗಿದೆ.

“ಇಷ್ಟ ಬಿಗಿ ಯಾಕ?”

“ನಿಮಗೇನರ ಆದ್ರ ನಾ ಹೆಂಗ ಬದಕಲ್ರಿ ಸಾವ್ಕಾರ್ರ!”

ಶೂಟಿಂಗಿನ ಹಿಂದಿನ ದಿನ, ಚಾಚಾ ಎದುರಿಗೆ, ಜಟ್ಟೆಪ್ಪನವರ ಎದುರಿಗೆ, ಜೋರಾಗಿ ಹೇಳಿದೆ.

“ಗಾಡಿ ಒಣಾ ಕಾಯಿಗೆ ಸೆಟ್ ಮಾಡೇನ್ರಿ. ನೀರ ಬ್ಯಾಡ. ಎಣ್ಣಿಯಂತೂ ಮೊದಲ ಬ್ಯಾಡ. ಒಂದ ಹನಿ ಇದ್ರೂ ಗಾಡಿ ಕೈಯಾಗ ನಿಲ್ಲೂದಿಲ್ಲ.”

“ನನಗ ಮೆಣಸಿನಕಾಯಿ ಕಲಸ್ತಿಯೇನ ನೀ?” ಅಂದ.

ಕಲಿಸುವುದು ಏನಿತ್ತು! ಚೊಕ್ಕ ಕಾಯಿಯನ್ನು ಅವನು ಗಾಲಿಯ ಕೆಳಗೆ ಹಾಕುವವನಲ್ಲ. ಹರವುವುದು ಹೋದ ವರ್ಷದ ಬಣ್ಣಗೆಟ್ಟ ಕಾಯಿಯನ್ನೇ. ಆ ಕಾಯಿ ಕ್ಯಾಮೆರಾ ಮುಂದೆ ಮಿಂಚಬೇಕು. ಆ ಮನೆಯ ಕೈ ಬೇರೆ ಏನು ತಾನೇ ಮಾಡೀತು?

*

ಯುಗಾದಿ ಅಮಾವಾಸ್ಯೆ. ಮಾರ್ಕೆಟ್ ಬಂದ್. ಲಾರಿ ಟೆಂಪೋ ಒಂದೂ ಇಲ್ಲ. ಬೆಳಗಿನ ಬಿಸಿಲಿಗೆ ಯಾರ್ಡು ಕೆಂಪು ಜಮಖಾನೆ ಹಾಸಿದಂತೆ ಹೊಳೆಯುತ್ತಿತ್ತು.

ಹೊಳೆಯುತ್ತಿತ್ತು!

ಬಗ್ಗಿ ಒಂದು ಕಾಯಿ ಎತ್ತಿ ಬೆರಳಿಂದ ತಿಕ್ಕಿದೆ. ಜಾರಿತು. ಚಾಚಾ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

“ರೆಡಿ... ಆ್ಯಕ್ಷನ್!”

ಮೊದಲ ಸುತ್ತು ಚೆಂದ. ಎಂ.ಜಿ. ಅಡ್ಡ ತಿರುಗಿ ಕೆಂಪು ಕಾಯಿಗಳನ್ನು ಕಾರಂಜಿಯಂತೆ ಎರಚಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೇ ಸುತ್ತಿಗೆ ಹಿಂದಿನ ಟಯರಿಗೆ ಎಣ್ಣೆ ಮೆತ್ತಿತ್ತು. ಮೂರನೆಯದಕ್ಕೆ ಮುಂದಿನದಕ್ಕೂ.

ಪ್ರಭುಲಿಂಗಪ್ಪ ಸ್ಟೇರಿಂಗ್ ತಿರುಗಿಸಿದ. ಗಾಡಿ ಕೇಳಲಿಲ್ಲ. ಬ್ರೇಕ್ ತುಳಿದ. ಕೇಳಲಿಲ್ಲ. ಬೆನ್ನು ಮುಂದೆ, ಮೂತಿ ಹಿಂದೆ, ತೂಕದ ಕಟ್ಟೆಗೆ ಗಾಲಿ ಬಡಿದು, ಎಗರಿ, ಚೀಲದ ರಾಶಿಯ ಬುಡಕ್ಕೆ ಮಗುಚಿತು!

ಕಾದ ಸೈಲೆನ್ಸರ್ ಎಣ್ಣೆ ಕುಡಿದ ಕಾಯಿಯ ಮೇಲೆ. ಚುರ್ ಅಂತು.

ಹೊಗೆ ನನ್ನ ಲೆಕ್ಕದಲ್ಲಿ ಇರಲಿಲ್ಲ. ನಿಜ ಹೇಳುತ್ತೇನೆ. ನಾನು ಎಣಿಸಿದ್ದು ಬರೀ ಪೆಟ್ಟು.

ಇಲ್ಲಿಗೆ ನೀವು ಮೊದಲೇ ಬಂದಿದ್ದಿರಿ. ನಾನು, ಅವನು, ಕೈಗೆ ಸಿಗದ ಜಾಕು.

“ಹ್ವಾದ ವರ್ಷ ಫೆಬ್ರವರಿ ಹದಿನೆಂಟು,” ಅಂದೆ. “ಈ ಗಾಡಿ ಎಡಗಡೆ ಸೀಟಿನ್ಯಾಗ ಯಾರಿದ್ರು?”

ಅವನ ಕಣ್ಣಿನಿಂದ ನೀರು ಧಾರೆ. ಹೊಗೆಗೋ ಹೆದರಿಕೆಗೋ.

“ನನಗ ಗೊತ್ತಿಲ್ಲ!”

ಜಾಕನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ.

“ಜಹಾಂಗೀರ! ನಿಮ್ಮಣ್ಣ! ವೆಲ್ಡಿಂಗ್ ಮಾಡಿ ಟ್ರಯಲ್ ಹೊಂಟಿದ್ವಿ... ನಿಧಾನ ಅಂದ. ನಾ ಕೇಳಲಿಲ್ಲ. ಗಾಡಿ ಸೇತುವಿಗೆ ಬಡೀತು... ಅಂವ ಹೊರಗ ಬಿದ್ದ!”

“ಸತ್ತಿದ್ದನೇನು?”

ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

“ಸತ್ತಿದ್ದನೇನ್ರಿ?”

“ಇಲ್ಲ...”

“ಎಷ್ಟೊತ್ತಿದ್ದ?”

“ಗೊತ್ತಿಲ್ಲವ್ವಾ, ನಿನ್ನ ಕಾಲಿಗೆ ಬೀಳ್ತೇನಿ...”

ಇನ್ನೊಂದು ಗೇಣು.

“ಒಂದ ತಾಸು! ಒಂದ ತಾಸಿದ್ದ! ಅವನ ಬೈಕ್ ಟೆಂಪೋದಾಗ ತರಸೂಮಟ ಇದ್ದ... ನೀರ ಕೇಳಿದ...”

ಹಾವೇರಿಯ ದೊಡ್ಡ ದವಾಖಾನೆ ಅಲ್ಲಿಂದ ಅರ್ಧ ತಾಸಿನ ದಾರಿ. ಅರ್ಧ ತಾಸು!

“ಯಾಕ ಒಯ್ಯಲಿಲ್ಲ?”

“ನನ್ನ ಹೆಸರ ಹೊರಗ ಬರತಿತ್ತು! ಮಂದ್ಯಾಗ ಮಾನ ಹೋಗತಿತ್ತು!”

ಅಷ್ಟೇ. ಇಷ್ಟು ದಿನ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಹಗೆ, ಜಗಳ, ದೊಡ್ಡ ಕಾರಣ. ಕಾರಣ ಇಷ್ಟೇ ಇತ್ತು. ಒಬ್ಬನ ಹೆಸರು.

ಒಂದು ಕ್ಷಣ... ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಜಾಕು ತೆಗೆದುಕೊಂಡು ಎದ್ದು ಹೋಗೋಣ ಅನ್ನಿಸಿತು. ಯಾಕೆ ಹೋದೆ ಅಂತ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಹೊಗೆ ಉಳಿದ ಕೆಲಸ ಮಾಡುತ್ತಿತ್ತು.

ಜಾಕು ಕೂಡಿಸಿದೆ. ಹಿಡಿ ತಿರುಗಿಸಿದೆ. ಗಾಡಿ ನಾಲ್ಕು ಬೆರಳು ಎದ್ದಿತು. ಬ್ಲೇಡಿನಿಂದ ಬೆಲ್ಟ್ ಕೊಯ್ದು, ಅವನ ರಟ್ಟೆ ಹಿಡಿದು ಎಳೆದೆ. ಇನ್ನೆರಡು ಕೈ ಬಂದವು. ಜಟ್ಟೆಪ್ಪನವರು, ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು. ಅವರ ಹಿಂದೆ ಇಬ್ಬರು ಹಮಾಲರು.

“ಕೇಳಿದ್ರಿ?”

“ಎಲ್ಲಾ ಕೇಳೇನಿ. ಇವರಿಬ್ಬರೂ ಕೇಳ್ಯಾರ. ನೀ ಇನ್ನೊಂದ ಮಾತು ಕೇಳಿದ್ರ ನಾನ ಸಾಯತಿದ್ನಿ, ಪುಣ್ಯಾತಗಿತ್ತಿ!”

ಗಾಳಿಯ ಕಡೆಗೆ, ಶೆಡ್ಡಿನ ನೆರಳಿಗೆ ಹೊತ್ತೊಯ್ದು ಮಲಗಿಸಿದೆವು. ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ. ಬೆಲ್ಟ್ ತನ್ನ ಕೆಲಸ ಮಾಡಿತ್ತು.

“ನೀ ಗಾಡಿ ಕೆಡಿಸೀದಿ!” ಅಂತ ಕಿರುಚಿದ.

“ಗಾಡಿ ಚೊಕ್ಕ ಐತ್ರಿ. ಯಾವ ಮಿಸ್ತ್ರಿನ್ನರ ಕರಸಿ ತೋರಸ್ರಿ.”

ಗದಿಗೆವ್ವ ಕೊಡ ಹೊತ್ತು ಬಂದಳು. ನೇರ ಜಟ್ಟೆಪ್ಪನವರ ಮುಂದೆ ನಿಂತಳು. “ಸಾಹೇಬ್ರ, ಆವತ್ತ ನಾನೂ ನೋಡೇನಿ. ಬರಕೋರ್ರಿ.” ಆಮೇಲೆ ಬಗ್ಗಿ ಪ್ರಭುಲಿಂಗಪ್ಪನ ಬಾಯಿಗೆ ನೀರು ಬಿಟ್ಟಳು. ನನ್ನ ಮುಖ ನೋಡಲಿಲ್ಲ. “ಆ ಹುಡುಗಗ ಕೊಡ್ಲಿಲ್ಲ ಯವ್ವಾ. ಇವಗರ ಕೊಡ್ತೇನಿ,” ಅಂದಳು.

ಅದು ಅವಳ ಮತ್ತು ಅವಳ ದೇವರ ನಡುವಿನದು.

“ದವಾಖಾನಿ...” ಅಂತ ನರಳಿದ ಅವನು. “ಹಾವೇರಿಗೆ ಒಯ್ರಿ... ಲಗೂ...”

ಶೂಟಿಂಗಿನವರ ವ್ಯಾನುಗಳು ಆಗಲೇ ಊರು ದಾಟಿದ್ದವು. ಅವನ ಜೀಪು ನನ್ನ ಗ್ಯಾರೇಜಿನಲ್ಲಿ ಆ್ಯಕ್ಸಲ್ ಮುರಿದುಕೊಂಡು ಮಲಗಿತ್ತು. ಉಳಿದದ್ದು ಪೊಲೀಸ್ ಜೀಪು ಒಂದೇ. ಜಟ್ಟೆಪ್ಪನವರು ಕೀಲಿ ತಿರುಗಿಸಿದರು. ಟಕ್. ಮತ್ತೆ ತಿರುಗಿಸಿದರು. ಟಕ್. ಎಂಜಿನ್ ಉಸಿರೆತ್ತಲಿಲ್ಲ.

“ಇದರವ್ವನ! ಚಮನಬಿ, ಏನಾಗೇತಿ ನೋಡವಾ!”

ಬಾನೆಟ್ ಎತ್ತಿದೆ. ಬಗ್ಗಿದೆ. ಬ್ಯಾಟರಿಯ ಹತ್ತಿರ ಒಂದು ವಯರು ಕಳಚಿ ಜೋತು ಬಿದ್ದಿತ್ತು. ಸಿಕ್ಕಿಸಿದರೆ ಮುಗಿಯಿತು.

ನೆರಳಿನಲ್ಲಿ ಪ್ರಭುಲಿಂಗಪ್ಪ ಕಾಲು ಹಿಡಿದುಕೊಂಡು ಅವ್ವಾ ಅವ್ವಾ ಅನ್ನುತ್ತಿದ್ದ.

“ಎಷ್ಟೊತ್ತಾಗತೈತಿ?” ಅಂದರು ಜಟ್ಟೆಪ್ಪನವರು.

ವಯರನ್ನು ಬೆರಳ ನಡುವೆ ಹಿಡಿದುಕೊಂಡೇ, ತಲೆ ಎತ್ತದೆ ಹೇಳಿದೆ.

“ಒಂದ ತಾಸು ಬೇಕಾಗತೈತ್ರಿ.”